ಮಡಿಯೂ ಮುಡಿಪೂ

ಪದಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕಿ ವಿದ್ಯಾರ್ಥಿಗಳಿಗೆ ಹೇಳುವುದು ನನ್ನಂಥ ಕನ್ನಡ ಅಧ್ಯಾಪಕರ ನಿತ್ಯದ ಕಸುಬು. ಆದರೆ ಕೆಲವು ಪದಗಳು ಅಷ್ಟು ಸುಲಭವಾಗಿ ನಿಘಂಟಿಗೆ ಒಗ್ಗುವುದಿಲ್ಲ. ಅವುಗಳ ಅರ್ಥ ತಿಳಿಯಬೇಕಾದರೆ ಮನೆಯ ಬಾಗಿಲಲ್ಲೋ ಬೀದಿಯ ತಿರುವಿನಲ್ಲೋ ಯಾರಾದರೊಬ್ಬರು ಎದುರಾಗಬೇಕು. ‘ಪವಿತ್ರ’ ಎಂಬುದು ಅಂಥದೊಂದು ಪದವೆಂದು ನನಗೆ ಮನವರಿಕೆಯಾದ ಬಗೆಯನ್ನು ವಾಚಕರ ಮುಂದಿಡುವುದಕ್ಕಾಗಿ ಈ ಬರಹ.

ಬೆಂಗಳೂರಿನ ಉತ್ತರದಲ್ಲಿರುವ ವಿದ್ಯಾರಣ್ಯಪುರದಲ್ಲಿ ನಮ್ಮ ಮನೆ. ಹದಿನಾಲ್ಕನೆಯ ಶತಮಾನದ ಶೃಂಗೇರಿಯ ಯತಿವರ್ಯರ ಹೆಸರನ್ನು ಹೊತ್ತ ಬಡಾವಣೆ ಇದು. ಪಕ್ಕದ ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ತಲೆಯೆತ್ತಿದ ಮೇಲೆ ನಾನಾ ಊರುಗಳ, ನಾನಾ ಮತಗಳ ಜನ ಈ ಭಾಗಕ್ಕೆ ಬಂದು ನೆಲೆಸಿದರು. ಹೀಗಾಗಿ ಶುಕ್ರವಾರದ ದೇವೀಪೂಜೆಗೆ ಹೂಬುಟ್ಟಿ ಹಿಡಿದು ಹೊರಡುವವರೂ, ಭಾನುವಾರ ಬೆಳಗ್ಗೆ ಬೈಬಲ್ ಹಿಡಿದು ಹೊರಡುವವರೂ ನಮ್ಮಲ್ಲಿ ಒಂದೇ ಬೀದಿಯವರು.

ನಾನು ತರಗತಿಯಲ್ಲಿ ವಚನಗಳ ಪಾಠ ಮಾಡುತ್ತಿದ್ದ ಒಂದು ಗುರುವಾರ ಕ್ರೈಸ್ತ ಮನೆತನದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಸಾರ್, ಪವಿತ್ರ ಅಂದ್ರೆ ಮಡಿ ಅಂತಲೇ ಅರ್ಥಾನಾ? ನಮ್ಮ ಬೈಬಲಿನಲ್ಲೂ ಆ ಮಾತು ಎಷ್ಟೋ ಸಲ ಬರುತ್ತೆ. ಆದರೆ ನಮ್ಮ ಮನೇಲಿ ಮಡಿ ಅನ್ನೋದೇ ಇಲ್ಲವಲ್ಲ!” ತರಗತಿ ನಕ್ಕಿತು. ನಾನೂ ನಕ್ಕು, ಸೋಮವಾರ ಉತ್ತರ ಹೇಳುವೆನೆಂದು ತಪ್ಪಿಸಿಕೊಂಡೆ.

ಮರುದಿನ ಸಂಜೆ ನಮ್ಮ ಮನೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಮಳೆಗೆ ಕುಸಿದಿದ್ದ ಕಾಂಪೌಂಡು ಗೋಡೆಯನ್ನು ಗಾರೆ ಕೆಲಸದವನೊಬ್ಬನೂ ಅವನ ಹೆಂಡತಿಯೂ ಮೂರು ದಿನಗಳಿಂದ ಕಟ್ಟುತ್ತಿದ್ದರು. ಆಯಾ ದಿನದ ಕೂಲಿಯನ್ನು ಆಯಾ ದಿನವೇ ಕೊಡುವುದೆಂದು ಮಾತಾಗಿತ್ತು. ಅವರು ಕೈಕಾಲು ತೊಳೆದುಕೊಂಡು ಗೇಟಿನ ಬಳಿ ಬಂದು ನಿಲ್ಲುವ ಹೊತ್ತಿಗೆ, ಒಳಗೆ ನನ್ನ ತಾಯಿ ಮಡಿಯುಟ್ಟು ದೇವರ ಮುಂದೆ ದೀಪ ಹಚ್ಚಿ ಆಗಿತ್ತು. ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ಹಣ ಹೊರಗೆ ಹೋಗಬಾರದೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. “ನಾಳೆ ಬೆಳಗ್ಗೆ ಬಾರಪ್ಪ, ಒಟ್ಟಿಗೆ ಕೊಡ್ತೀನಿ” ಎಂದೆ. ಆತ ಒಂದು ಗಳಿಗೆ ನಿಂತು, “ಆಗಲಿ ಸ್ವಾಮಿ” ಎಂದ. ಆಕೆ ಏನೂ ಹೇಳಲಿಲ್ಲ. ಕೈಯಲ್ಲಿದ್ದ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಪಕ್ಕದ ಮನೆಯ ಹಿರಿಯರು ತಮ್ಮ ಗಿಡಗಳಿಗೆ ನೀರು ಹಾಕುತ್ತಿದ್ದರು. ನಾನು ಒಳಗೆ ಬಂದು ಮಂಗಳಾರತಿಗೆ ಕೈಮುಗಿದೆ.

ಎರಡು ಪದಗಳು

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಆ ರಾತ್ರಿ ಪುಸ್ತಕಗಳನ್ನು ಹರಡಿಕೊಂಡು ಕುಳಿತೆ. ‘ಮಡಿ’ ಎಂಬುದಕ್ಕೆ ನಮ್ಮಲ್ಲಿ ಒಗೆದ ಬಟ್ಟೆ ಎಂಬ ಅರ್ಥವೂ ಉಂಟು, ಒಗೆಯುವವನೇ ಮಡಿವಾಳ. ಆ ಒಗೆದ ಬಟ್ಟೆಯನ್ನುಟ್ಟು ಯಾರನ್ನೂ ಯಾವುದನ್ನೂ ಮುಟ್ಟದೆ ದೂರ ನಿಲ್ಲುವ ಆಚಾರಕ್ಕೂ ಅದೇ ಹೆಸರು ನಿಂತಿತು. ಬಟ್ಟೆಗೆ ಮಡಿಯನ್ನು ತಂದುಕೊಟ್ಟ ಮಡಿವಾಳನನ್ನೇ ಆ ಆಚಾರ ಹೊರಗೆ ನಿಲ್ಲಿಸಿದುದು ನಮ್ಮ ಸಮಾಜದ ವಿಪರ್ಯಾಸಗಳಲ್ಲಿ ಒಂದು. ಹನ್ನೆರಡನೆಯ ಶತಮಾನದ ಶರಣರು ಮಡಿವಾಳ ಮಾಚಿದೇವರನ್ನು ತಮ್ಮ ಹಿರಿಯರಲ್ಲಿ ಒಬ್ಬರಾಗಿ ಗೌರವಿಸಿದುದರ ಮಹತ್ವ ಇಲ್ಲಿದೆ.

‘ಪವಿತ್ರ’ ಸಂಸ್ಕೃತದ ಪದ. ವೇದಗಳಲ್ಲಿ ಸೋಮರಸವನ್ನು ಸೋಸುವ ಸಾಧನಕ್ಕೆ ಈ ಹೆಸರಿತ್ತು. ಶ್ರಾದ್ಧ, ಹೋಮಗಳಲ್ಲಿ ಬೆರಳಿಗೆ ಹಾಕಿಕೊಳ್ಳುವ ದರ್ಭೆಯ ಉಂಗುರವೂ ಪವಿತ್ರವೇ. ಕೊಳೆಯನ್ನು ಸೋಸಿ ಬೇರ್ಪಡಿಸುವುದೇ ಈ ಪದದ ಹಿಂದಿರುವ ಭಾವನೆ.

ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮೊದಲಾದ ಲಂಡನ್ ಮಿಷನ್ನಿನವರ ಶ್ರಮದಿಂದ ಇಡೀ ಬೈಬಲ್ 1831ರಲ್ಲಿ ಕನ್ನಡದಲ್ಲಿ ಹೊರಬಂದಿತು. ಅದಾದ ಮೇಲೆ ಬಂದ ಅನುವಾದಗಳಲ್ಲಿಯೂ ‘ಪರಿಶುದ್ಧ’, ‘ಪವಿತ್ರ’ ಎಂಬ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ಆದರೆ ಇವು ಯಾವ ಹೀಬ್ರೂ ಪದಕ್ಕೆ ಪ್ರತಿಯಾಗಿ ನಿಂತಿವೆಯೋ ಆ ‘ಕಾದೋಶ್’ ಎಂಬ ಪದಕ್ಕೆ ವಿದ್ವಾಂಸರು ಸಾಮಾನ್ಯವಾಗಿ ಹೇಳುವ ಅರ್ಥ ‘ಬೇರೆಯಾಗಿ ಇರಿಸಿದ್ದು’ ಎಂದು. ತೊಳೆದದ್ದು, ಸೋಸಿದ್ದು ಎಂಬ ಅರ್ಥ ಅದರ ಜೊತೆಗೆ ಬರುವುದುಂಟು; ಆದರೆ ಮೊದಲ ಮಾತು, ದೇವರಿಗೆಂದು ಎತ್ತಿಟ್ಟದ್ದು ಎಂಬುದೇ.

ಹೀಗೆ ಓದುತ್ತಿದ್ದಾಗ, ನಮ್ಮ ದೇವರ ಕೋಣೆಯಲ್ಲಿಯೇ ಇರುವ ಒಂದು ವಸ್ತು ನೆನಪಿಗೆ ಬಂತು. ನನ್ನ ತಾಯಿ ಅರಿಸಿನದಲ್ಲಿ ಅದ್ದಿದ ಬಟ್ಟೆಯ ಚೂರಿನಲ್ಲಿ ತಿರುಪತಿ ತಿಮ್ಮಪ್ಪನಿಗೆಂದು ಕಾಸು ಕಟ್ಟಿ ಇಟ್ಟಿದ್ದಾರೆ. ಅದು ಮುಡಿಪು. ‘ಮುಡಿ’ ಎಂದರೆ ಗಂಟುಹಾಕು. ಆ ಗಂಟಿನಲ್ಲಿರುವ ನಾಣ್ಯ ಅಂಗಡಿಯ ನಾಣ್ಯಕ್ಕಿಂತ ಹೊಳಪಿನದೇನೂ ಅಲ್ಲ. ಬೆಲೆಯಲ್ಲಿಯೂ ಹೆಚ್ಚಿನದಲ್ಲ. ಮನೆಯಲ್ಲಿ ಎಷ್ಟೇ ಮುಗ್ಗಟ್ಟು ಬಂದರೂ ಯಾರೂ ಅದಕ್ಕೆ ಕೈಹಚ್ಚುವುದಿಲ್ಲ. ಏಕೆಂದರೆ ಅದು ಇನ್ನೊಬ್ಬನದು. ‘ಕಾದೋಶ್’ ಎಂಬುದಕ್ಕೆ ನಮ್ಮ ಮನೆಮಾತಿನಲ್ಲಿ ತೀರ ಹತ್ತಿರದ ಪದ ಮಡಿಯಲ್ಲ, ಮುಡಿಪು ಎಂದು ನನಗೆ ತೋರಿತು. ಮಡಿಯಲ್ಲಿ ‘ಯಾವುದರಿಂದ ದೂರ’ ಎಂಬ ಪ್ರಶ್ನೆ ಮುಂದೆ ನಿಲ್ಲುತ್ತದೆ; ಮುಡಿಪಿನಲ್ಲಿ ‘ಯಾರಿಗಾಗಿ’ ಎಂಬ ಪ್ರಶ್ನೆ.

ಹತ್ತೊಂಬತ್ತನೆಯ ಅಧ್ಯಾಯ

ಮರುದಿನ ಬೆಳಗ್ಗೆ ಗಾರೆ ಕೆಲಸದವನಿಗೆ ಎರಡು ದಿನದ್ದೆಂದು ಲೆಕ್ಕಹಾಕಿ ಹಣ ಕೊಟ್ಟು, ನನ್ನ ಶೋಧನೆಯನ್ನು ಪಕ್ಕದ ಮನೆಯ ಹಿರಿಯರ ಮುಂದೆ ಹೆಮ್ಮೆಯಿಂದ ಹೇಳಹೋದೆ. ಅವರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಪ್ರಾಟೆಸ್ಟೆಂಟ್ ಕ್ರೈಸ್ತರು, ಮಿತಭಾಷಿಗಳು. ಮುಡಿಪಿನ ಮಾತನ್ನು ಕೇಳಿ ತಲೆದೂಗಿದರು. “ಚೆನ್ನಾಗಿದೆ ಮೇಷ್ಟ್ರೇ. ಆದರೆ ಪದ ನೋಡಿದ್ದೀರಿ, ಪದದ ಆಚೀಚೆ ಏನಿದೆ ಅಂತ ನೋಡಿಲ್ಲ” ಎಂದು ಒಳಗಿನಿಂದ ಹಳೆಯ ಕನ್ನಡ ಬೈಬಲ್ ತಂದು, ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವನ್ನು ತೆರೆದು ನನ್ನ ಕೈಗಿತ್ತರು.

ದೇವರು ಪರಿಶುದ್ಧನಾಗಿರುವುದರಿಂದ ಆತನ ಜನರೂ ಪರಿಶುದ್ಧರಾಗಿರಬೇಕೆಂಬ ಆಜ್ಞೆ ಆ ಅಧ್ಯಾಯದ ಮೊದಲಲ್ಲಿಯೇ ಬರುತ್ತದೆ. ಇದಾದ ಮೇಲೆ ಯಜ್ಞದ, ಸ್ನಾನದ, ಉಡುಪಿನ ನಿಯಮಗಳು ಬರಬಹುದೆಂದು ನಿರೀಕ್ಷಿಸಿದೆ. ಅಂಥವೂ ಕೆಲವಿವೆ. ಆದರೆ ಅವುಗಳ ನಡುವೆ ಬಂದುದನ್ನು ಕಂಡು ಬೆರಗಾದೆ. ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ದ್ರಾಕ್ಷಿತೋಟದಲ್ಲಿ ಉದುರಿದ ಹಣ್ಣನ್ನು ಒಡೆಯ ಆರಿಸಿಕೊಳ್ಳಬಾರದು. ಕಿವುಡನನ್ನು ಬಯ್ಯಬಾರದು, ಕುರುಡನ ದಾರಿಯಲ್ಲಿ ಎಡವುವ ಕಲ್ಲನ್ನು ಇಡಬಾರದು. ನ್ಯಾಯಸ್ಥಾನದಲ್ಲಿ ಬಡವನೆಂದು ಮರುಗಿಯೂ ದೊಡ್ಡವನೆಂದು ಹೆದರಿಯೂ ಪಕ್ಷಪಾತ ಮಾಡಬಾರದು. ನರೆಗೂದಲಿನವರು ಬಂದಾಗ ಎದ್ದು ನಿಲ್ಲಬೇಕು. ತೂಕದ ಕಲ್ಲು, ಅಳತೆಯ ಪಾತ್ರೆ ಸರಿಯಾಗಿರಬೇಕು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ, ಮುಂದೆ ಯೇಸು ಎತ್ತಿಹಿಡಿದ ಪ್ರಸಿದ್ಧವಾದ ಆಜ್ಞೆಯೂ ಇದೇ ಅಧ್ಯಾಯದ್ದು.

ಹದಿಮೂರನೆಯ ವಚನಕ್ಕೆ ಬಂದಾಗ ನನ್ನ ಕಣ್ಣು ಅಲ್ಲಿಯೇ ನಿಂತಿತು. ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ನಿನ್ನ ಬಳಿ ಇಟ್ಟುಕೊಳ್ಳಬಾರದು ಎಂಬುದು ಅದರ ತಾತ್ಪರ್ಯ. ಗೇಟಿನ ಬಳಿ ನಿಂತವರು, ಆ ಖಾಲಿ ಚೀಲ, ಎಲ್ಲವೂ ಕಣ್ಣ ಮುಂದೆ ಬಂದವು. ಅದು ಅಂಗಡಿಯಿಂದ ಅಕ್ಕಿ ಒಯ್ಯಲು ತಂದ ಚೀಲವೆಂಬುದು ನನಗೆ ಆಗ ಹೊಳೆಯಿತು.

ತಲೆಯೆತ್ತಿ ನೋಡಿದೆ. ಹಿರಿಯರು ತಮ್ಮ ಗುಲಾಬಿ ಗಿಡದ ಒಣಗಿದ ಎಲೆಗಳನ್ನು ಕೀಳುತ್ತಿದ್ದರು. ಹಿಂದಿನ ಸಂಜೆಯ ವಿಷಯವನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು, ಏನಾದರೂ ಸಮಾಧಾನ ಹೇಳಬಹುದಿತ್ತು.

ಮುಟ್ಟಿದ ಕೈ

ಇನ್ನೊಬ್ಬರ ನೆರಳು ಸೋಕಿದರೆ ಕೆಡುವ ವಸ್ತುವೇ ಪಾವಿತ್ರ್ಯವೆಂದು ತಿಳಿದವರಿಗೆ ಯೇಸುವಿನ ಚರಿತ್ರೆ ಒಗಟಾಗಿ ಕಾಣುತ್ತದೆ. ಅಂದಿನ ಯೆಹೂದ್ಯರ ಆಚಾರದಂತೆ ಕುಷ್ಠರೋಗಿ ಊರ ಹೊರಗಿರಬೇಕು, ಯಾರೂ ಮುಟ್ಟುವಂತಿಲ್ಲ. ಅಂಥವನೊಬ್ಬ ಬಂದು ಮೊಣಕಾಲೂರಿದಾಗ ಯೇಸು ಮೊದಲು ಕೈಚಾಚಿ ಮುಟ್ಟಿದನು, ಆಮೇಲೆ ಗುಣಪಡಿಸಿದನು ಎಂದು ಸುವಾರ್ತೆಗಳು ಹೇಳುತ್ತವೆ. ಮಾತಿನಿಂದಲೇ ವಾಸಿಮಾಡಬಲ್ಲವನೆಂದು ಅದೇ ಸುವಾರ್ತೆಗಳು ಬಣ್ಣಿಸುವಾತ ಏಕೆ ಮುಟ್ಟಬೇಕಾಗಿತ್ತು? ಮೈಲಿಗೆ ಶುದ್ಧವಾದವನಿಗೆ ಹರಡುವುದೆಂಬುದು ಲೋಕದ ಎಣಿಕೆ. ಶುದ್ಧಿಯೇ ಮೈಲಿಗೆಯಾದವನಿಗೆ ಹರಡಬಲ್ಲದೆಂಬುದು ಆ ಒಂದು ಸ್ಪರ್ಶದ ಮಾತು.

ಈ ಮಾತನ್ನು ನಂಬಿ ಬಾಳಿದವರು ನಮ್ಮ ನಾಡಿನಲ್ಲಿಯೂ ಇದ್ದರು. ಗೋವೆಯ ಬೆಣವಳಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಪಾದ್ರಿ 1681ರಿಂದ 1684ರವರೆಗೆ ನಮ್ಮ ಕರಾವಳಿಯಲ್ಲಿ ದುಡಿದರು. ಬಳಿಕ 1687ರಲ್ಲಿ, ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ ಬಡ ಕೂಲಿಯವನ ವೇಷದಲ್ಲಿ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ಬಿಟ್ಟು ಓಡುತ್ತಿದ್ದಾಗ, ಅವರು ಆ ರೋಗಿಗಳ ಪಕ್ಕದಲ್ಲಿ ಉಳಿದು ಶುಶ್ರೂಷೆ ಮಾಡಿದರು. 1711ರಲ್ಲಿ ಅಲ್ಲಿಯೇ ತೀರಿಕೊಂಡ ಅವರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ಮಂಗಳೂರಿನ ಸಮೀಪದ ಗುಡ್ಡವೊಂದರ ಮೇಲೆ ಅವರ ನೆನಪಿನ ಪುಣ್ಯಕ್ಷೇತ್ರವಿದೆ. ಆ ಊರಿನ ಹೆಸರು ಮುಡಿಪು! ಊರಿಗೆ ಆ ಹೆಸರು ಬಂದ ಕಾರಣ ಏನೇ ಇರಲಿ, ನನ್ನ ಪದದ ಬೇಟೆಗೆ ಇದಕ್ಕಿಂತ ಒಳ್ಳೆಯ ಶಕುನ ಸಿಕ್ಕುವಂತಿರಲಿಲ್ಲ.

ಸಂತರ ಪಟ್ಟಿಯಲ್ಲಿ ಹೆಸರಿಲ್ಲದವರೂ ಇದ್ದಾರೆ. ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪಥಿ ಗುಳಿಗೆ ಹಂಚುವುದಕ್ಕೆ ಆರಂಭಿಸಿದರೆಂದು ಹೇಳುತ್ತಾರೆ. ಹತ್ತು ವರ್ಷಗಳ ಮೇಲೆ, 1890ರಲ್ಲಿ, ಕುಷ್ಠರೋಗಿಗಳಿಗೆಂದು ಒಂದು ಆಶ್ರಯವನ್ನು ಕಟ್ಟಿದರು. ಇಂದು ಅವರ ಹೆಸರಿನಲ್ಲಿ ದೊಡ್ಡ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ನಿಂತಿವೆ. ಮನೆಯವರೇ ಮುಟ್ಟಲು ಹಿಂಜರಿದವರನ್ನು ಒಬ್ಬ ಮುಟ್ಟಿದುದರಿಂದ ಬೆಳೆದ ಮರ ಇದು.

ಅಡಿಗೆಮನೆಯ ಮಡಕೆ

“ಇದೆಲ್ಲ ಸಂತರ ಮಾತಾಯಿತು. ಮಕ್ಕಳನ್ನು ಶಾಲೆಗೆ ಕಳುಹಿಸಿ, ಬಸ್ಸು ಹಿಡಿದು, ಸಾಲದ ಕಂತು ಕಟ್ಟಿ ಬದುಕುವ ನಮ್ಮಂಥವರಿಗೆ ಪಾವಿತ್ರ್ಯದ ಗೊಡವೆ ಏಕೆ?” ಎಂದು ಗೃಹಸ್ಥರು ಕೇಳಬಹುದು. ನಾನೂ ಹಿರಿಯರನ್ನು ಅದನ್ನೇ ಕೇಳಿದೆ. ಅವರು ಹಳೆಯ ಒಡಂಬಡಿಕೆಯ ಇನ್ನೊಂದು ಪುಟ ತೆರೆದರು. ಯೆಹೂದ್ಯರ ಮಹಾಯಾಜಕನು ಮುಂಡಾಸಿನ ಮೇಲೆ ಬಂಗಾರದ ಪಟ್ಟಿಯೊಂದನ್ನು ಕಟ್ಟಿಕೊಳ್ಳುತ್ತಿದ್ದನು. ದೇವರಿಗೆ ಮೀಸಲು ಎಂಬರ್ಥದ ಮಾತನ್ನು ಅದರಲ್ಲಿ ಕೆತ್ತಿರುತ್ತಿತ್ತು. ದೇವಾಲಯದ ಅತಿಪರಿಶುದ್ಧ ಸ್ಥಾನಕ್ಕೆ ವರ್ಷಕ್ಕೊಂದೇ ದಿನ, ಅವನೊಬ್ಬನೇ ಪ್ರವೇಶಿಸಬಹುದಿತ್ತು. ನಮ್ಮ ಗರ್ಭಗುಡಿಯನ್ನು ನೆನೆದರೆ ಇದು ಅರ್ಥವಾದೀತು. ಆದರೆ ಜೆಕರ್ಯನೆಂಬ ಪ್ರವಾದಿ ಮುಂದೊಂದು ದಿನದ ಕನಸು ಕಂಡನು. ಆ ದಿನ ಅದೇ ಬರಹ ಕುದುರೆಗಳ ಕೊರಳ ಗೆಜ್ಜೆಯ ಮೇಲೂ ಇರುವುದು. ಜೆರೂಸಲೇಮಿನ ಪ್ರತಿಯೊಂದು ಮನೆಯ ಅಡಿಗೆಯ ಪಾತ್ರೆಯೂ ಪರಿಶುದ್ಧವಾಗುವುದು! ಮಹಾಯಾಜಕನ ಹಣೆಯ ಮೇಲಿನ ಮಾತು ಅನ್ನ ಬೇಯಿಸುವ ಮಡಕೆಗೆ ಇಳಿದು ಬರುವ ಕಲ್ಪನೆ ಎಷ್ಟು ಸೊಗಸಾದುದು!

ಬೆಂಗಳೂರಿನವರಿಗೆ ಈ ಮಾತಿನ ಒಂದು ಸಾಕ್ಷ್ಯ ಕಣ್ಣ ಮುಂದೆಯೇ ಇದೆ. ಗುಡ್ ಶೆಫರ್ಡ್ ಸಭೆಯ ಸನ್ಯಾಸಿನಿಯರು 1886ರಲ್ಲಿ ಸ್ಥಾಪಿಸಿದ ಆಸ್ಪತ್ರೆಗೆ ಸಂತ ಮಾರ್ಥಾಳ ಹೆಸರು ಇದೆ. ಈ ಮಾರ್ಥಾ ಯಾರು? ಯೇಸು ಮನೆಗೆ ಬಂದಾಗ ತಂಗಿ ಮರಿಯಳು ಪಾದದ ಬಳಿ ಕುಳಿತು ಉಪದೇಶ ಕೇಳಿದರೆ, ಒಳಗೆ ಅತಿಥಿಗಳ ಉಪಚಾರದ ಗಡಿಬಿಡಿಯಲ್ಲಿ ಒದ್ದಾಡಿದ ಅಕ್ಕ ಇವಳು. ಬಹಳ ಚಿಂತೆ ಹಚ್ಚಿಕೊಂಡಿರುವೆಯೆಂದು ಯೇಸು ಅವಳಿಗೆ ಮೆಲ್ಲಗೆ ಬುದ್ಧಿ ಹೇಳಿದನು. ಆದರೂ ಚರ್ಚು ಅವಳನ್ನು ಸಂತಳೆಂದು ಗೌರವಿಸಿತು. ಅಡಿಗೆಮನೆಯ ಸಂತಳ ಹೆಸರಿನ ಆಸ್ಪತ್ರೆಯಲ್ಲಿ ನಗರದ ಎಲ್ಲ ಮತಗಳ ಎಷ್ಟೋ ಕೂಸುಗಳು ಕಣ್ಣು ತೆರೆದಿವೆ.

ಇಲ್ಲಿ ಕ್ರೈಸ್ತ ಸಿದ್ಧಾಂತದ ಒಂದು ಮುಖ್ಯ ಅಂಶವನ್ನು ಹೇಳಬೇಕು. ಪರಿಶುದ್ಧನು ದೇವರೊಬ್ಬನೇ, ಮನುಷ್ಯನಿಗೆ ಅದು ಕೃಪೆಯಿಂದ ಬರುವ ದಾನ, ವ್ರತ ಹಿಡಿದು ಗಳಿಸಿಕೊಳ್ಳುವ ಪದವಿಯಲ್ಲ ಎಂಬುದು ಅವರ ನಂಬಿಕೆ. ಮುಡಿಪಿನ ಕಾಸು ತಾನಾಗಿ ಗಂಟಿನೊಳಗೆ ಹೋಗುವುದಿಲ್ಲವಷ್ಟೆ! ಆದುದರಿಂದಲೇ ಅಪೊಸ್ತಲ ಪೌಲನು ಕೊರಿಂಥದ ಕ್ರೈಸ್ತರಿಗೆ ಪತ್ರ ಬರೆದಾಗ, ಗೃಹಸ್ಥರು, ಕಸುಬುದಾರರು, ಗುಲಾಮರು ಸೇರಿದ್ದ ಆ ಗುಂಪನ್ನೆಲ್ಲ ಮೊದಲಲ್ಲಿಯೇ ಪರಿಶುದ್ಧರೆಂದು ಕರೆದನು. ಆಮೇಲೆ ಅದೇ ಪತ್ರದಲ್ಲಿ, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತೀರೆಂದೂ, ಸಹಭೋಜನದಲ್ಲಿ ಬಡವರನ್ನು ಹಸಿದಿರಗೊಡುತ್ತೀರೆಂದೂ ಚೆನ್ನಾಗಿ ಬಯ್ದನು. ಮೊದಲು ‘ನೀವು ದೇವರಿಗೆ ಸೇರಿದವರು’ ಎಂಬ ಮಾತು. ಬಳಿಕ ‘ಸೇರಿದವರ ಹಾಗೆ ನಡೆಯಿರಿ’ ಎಂಬ ಮಾತು.

ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ದಸ್ತಾವೇಜಿನ ಒಂದು ಅಧ್ಯಾಯವೇ, ಪಾವಿತ್ರ್ಯದ ಕರೆ ಪಾದ್ರಿಗಳಿಗೂ ಸನ್ಯಾಸಿನಿಯರಿಗೂ ಮಾತ್ರವಲ್ಲದೆ ಎಲ್ಲರಿಗೂ ಬಂದಿದೆಯೆಂದು ಸಾರಿತು. 2018ರಲ್ಲಿ ಪೋಪ್ ಫ್ರಾನ್ಸಿಸ್ ಇದೇ ವಿಷಯವಾಗಿ ಬರೆದ ಪ್ರಬೋಧನೆಯಲ್ಲಿ, ಮಕ್ಕಳನ್ನು ತಾಳ್ಮೆಯಿಂದ ಸಾಕುವ ತಂದೆತಾಯಿಗಳಲ್ಲಿಯೂ, ಸಂಸಾರಕ್ಕಾಗಿ ದುಡಿಯುವವರಲ್ಲಿಯೂ, ನೆರೆಮನೆಯ ಸಾಮಾನ್ಯರಲ್ಲಿಯೂ ತಾವು ಸಂತತನವನ್ನು ಕಾಣುವುದಾಗಿ ಹೇಳಿದರು. ಈಸ್ಟರಿಗೆ ಮುಂಚಿನ ಗುರುವಾರ ಗುರುಗಳು ಭಕ್ತರ ಪಾದಗಳನ್ನು ತೊಳೆಯುವ ವಿಧಿಯೊಂದಿದೆ. ಅದರಲ್ಲಿ ಸ್ತ್ರೀಯರನ್ನೂ ಸೇರಿಸಿಕೊಳ್ಳಬಹುದೆಂದು 2016ರಲ್ಲಿ ನಿಯಮ ತಿದ್ದಿಸಿದವರೂ ಅವರೇ. ನಮ್ಮಲ್ಲಿ ಹಿರಿಯರ, ಗುರುಗಳ ಪಾದ ತೊಳೆಯುವುದು ಪುಣ್ಯಕಾರ್ಯ. ಅಲ್ಲಿ ಗುರುವೇ ಬಾಗಿ ಶಿಷ್ಯರ ಪಾದ ತೊಳೆಯುತ್ತಾನೆ.

ಆದರ್ಶ ಹೀಗಿದ್ದ ಮಾತ್ರಕ್ಕೆ ಆಚರಣೆಯೂ ಹಾಗೆಯೇ ಇತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಜಾತಿಗೆ ತಕ್ಕಂತೆ ಬೇರೆ ಬೇರೆ ಕಡೆ ಕುಳ್ಳಿರಿಸುವುದೂ, ಸತ್ತ ಮೇಲೆ ಬೇರೆ ಬೇರೆ ಕಡೆ ಹೂಳುವುದೂ ನಡೆದು ಬಂದಿತ್ತು. ಅದರ ವಿರುದ್ಧ ಕ್ರೈಸ್ತರೇ ದನಿಯೆತ್ತಿ ಹೋರಾಡಬೇಕಾಯಿತು. ಮಡಿಯ ಬುದ್ಧಿ ಒಂದು ಮತದ ಸೊತ್ತಲ್ಲ. ಮುಡಿಪಿಡಬೇಕಾದ ಕಡೆಯಲ್ಲಿ ಮಡಿಯನ್ನು ತಂದಿಟ್ಟು ಕೈತೊಳೆದುಕೊಳ್ಳುವುದು ಎಲ್ಲರಿಗೂ ಸುಲಭ, ನನಗೂ ಸುಲಭವಾಗಿತ್ತು.

ದೀಪದ ಹೊತ್ತು

ಸೋಮವಾರ ತರಗತಿಯಲ್ಲಿ ಉತ್ತರ ಹೇಳಿದೆ. ಮುಡಿಪಿನ ಮಾತು ಆ ಹುಡುಗಿಗೆ ಒಪ್ಪಿಗೆಯಾಯಿತು. ಶುಕ್ರವಾರದ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ಈ ಸಲ ತರಗತಿ ನಗಲಿಲ್ಲ.

ಮನೆಯಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ತಾಯಿಯವರ ಆಚಾರದ ಮೇಲೆ ತಪ್ಪು ಹೊರಿಸಿದಂತಾದೀತೆಂಬ ಅಳುಕು. ಊಟದ ಹೊತ್ತಿಗೆ ಮೆಲ್ಲಗೆ ಎಲ್ಲವನ್ನೂ ಹೇಳಿದೆ. ಆ ಹೆಂಗಸಿನ ಕೈಯಲ್ಲಿದ್ದ ಚೀಲದ ಮಾತು ಬಂದಾಗ ಅವರು ಬಡಿಸುವ ಕೈಯನ್ನು ನಿಲ್ಲಿಸಿದರು. “ಅವತ್ತು ಅವರು ಬಾಗಿಲಲ್ಲಿ ನಿಂತಿದ್ದು ನಂಗೆ ಗೊತ್ತೇ ಇರಲಿಲ್ಲ ಕಣೋ. ಶಾಸ್ತ್ರ ಹಣ ಕೊಡಬೇಡ ಅನ್ನೋದು ದೀಪ ಹಚ್ಚಿದ ಮೇಲೆ ತಾನೆ? ದೀಪಕ್ಕೆ ಮುಂಚೆ ನೀನು ಎಲ್ಲಿ ಹೋಗಿದ್ದೆ?” ಎಂದರು. ಬೈಬಲಿನ ಅಧ್ಯಾಯವನ್ನು ಹುಡುಕಿ ಓದಿದ್ದ ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಗೋಡೆಯ ಕೆಲಸ ಮುಂದಿನ ವಾರಕ್ಕೂ ನಡೆಯಿತು. ಶುಕ್ರವಾರ ಮತ್ತೆ ಬಂತು. ಸಂಜೆ ತಾಯಿ ಮಿಂದು ಮಡಿಯುಟ್ಟು, ಬತ್ತಿಗೆ ಎಣ್ಣೆ ಹಾಕಿ, ಬೆಂಕಿಕಡ್ಡಿಯನ್ನು ಕೈಯಲ್ಲಿ ಹಿಡಿದವರು ಹಾಗೆಯೇ ಕುಳಿತಿದ್ದರು. ಹೊರಗೆ ಗಾರೆ ಕೆಲಸದವನು ಇನ್ನೂ ಕರಣೆಯನ್ನು ತೊಳೆಯುತ್ತಿದ್ದ. ಒಳಗಿನಿಂದ ಕೂಗಿ ಹೇಳಿದರು:

“ಅವರಿಗೆ ಕೂಲಿ ಕೊಟ್ಟಾಯ್ತೇನೋ? ಕೊಟ್ಟ ಮೇಲೆ ಹೇಳು, ದೀಪ ಹಚ್ತೀನಿ.”